ಕಾಲುಳ್ಳ ವೈಸ್ ಮತ್ತು ಪ್ರಾಂಶುಪಾಲರ ಕೈಚೀಲ

ಮಾರ್ಚ್ ಹನ್ನೊಂದನೆಯ ತಾರೀಕು, ಮಂಗಳವಾರ, ನನ್ನ ಅಳಿಯನ ಮನೆಯ ಹಿಂದಿನ ಕೋಣೆಯಲ್ಲಿ ವಸ್ತುಗಳನ್ನು ಹಿಡಿದುಕೊಳ್ಳುವ ಉಪಕರಣಗಳು ಹದಿನೇಳು ಇದ್ದವು; ಮನುಷ್ಯರು ಕುಳಿತುಕೊಳ್ಳುವ ಕುರ್ಚಿ ಒಂದೂ ಇರಲಿಲ್ಲ. ಮುಂದೆ ನಡೆದ ಅನಾಹುತಕ್ಕೆ ಆ ಹದಿನೇಳಕ್ಕಿಂತ ಈ ಸೊನ್ನೆಯೇ ಹೆಚ್ಚು ಹೊಣೆ ಎಂಬುದು ನನ್ನ ಖಚಿತ ಅಭಿಪ್ರಾಯ.

ನನ್ನ ಅಳಿಯ ಚರಂಡಿ ಇಲಾಖೆಯ ಗುಮಾಸ್ತ. ರಸ್ತೆಯ ಮೇಲಿನ ಚರಂಡಿ ಮುಚ್ಚಳಗಳು ಇದ್ದಲ್ಲಿ ಇವೆಯೋ ಇಲ್ಲವೋ ಎಂದು ನಡೆದು ನೋಡಿ ಬರೆದುಕೊಳ್ಳುವುದು ಅವನ ಕೆಲಸ. ಗೋಡೆಗೆ ಮೊಳೆ ಹೊಡೆಯಲು ಹೋದರೆ ಮೊಳೆಯೂ ನೆಟ್ಟಗಿರದು, ಗೋಡೆಯೂ ನೆಟ್ಟಗಿರದು, ಅಂಥ ಕೈ. ಮೂರು ತಿಂಗಳ ಹಿಂದೆ ಪಕ್ಕದ ಬೀದಿಯ ಗಾಡಿ ಮಾಡುವ ಅಂಗಡಿಯೊಂದು ಮುಚ್ಚಿತು. ಅಲ್ಲಿ ಇಲಾಖೆಯ ಮುಚ್ಚಳವೊಂದನ್ನು ಹೊಸ್ತಿಲಿನ ಬಳಿ ಕಾಲೊರೆಸಲು ಹಾಕಿಕೊಂಡಿದ್ದಾರೆ ಎಂಬ ದೂರಿನ ಮೇಲೆ ಅಳಿಯ ತನಿಖೆಗೆ ಹೋದ. ಸಂಜೆ ತಳ್ಳುಗಾಡಿಯಲ್ಲಿ ಒಂದು ವೈಸ್ ಹೇರಿಕೊಂಡು ಬಂದ. ಮುಚ್ಚಳದ ವಿಚಾರವನ್ನು ಆಮೇಲೆ ಯಾರೂ ಎತ್ತಲಿಲ್ಲ.

ವೈಸ್ ಎಂದರೆ ಕೆಲಸದ ಮೇಜಿಗೆ ಬಿಗಿದು, ಎರಡು ದವಡೆಗಳ ನಡುವೆ ಕಬ್ಬಿಣವನ್ನೋ ಮರವನ್ನೋ ಕಚ್ಚಿ ಹಿಡಿಸುವ ಸಾಧನ. ಇದು ಹಳೆಯ ಕಮ್ಮಾರಸಾಲೆಯ ಜಾತಿಯದು. ಇದಕ್ಕೊಂದು ಕಾಲಿತ್ತು, ಹಿಂದಿನ ದವಡೆಯಿಂದ ಇಳಿದು ನೆಲದವರೆಗೂ ಬರುವ ಕಬ್ಬಿಣದ ಕಾಲು. ಮುಂಗೈಯಷ್ಟು ದಪ್ಪದ ತಿರುಪು, ಅದರ ಮುಂತುದಿಯಲ್ಲಿ ಅಡ್ಡಲಾಗಿ ತೂರಿಸಿದ ಹಿಡಿಕೆ, ಮೈಯೆಲ್ಲ ತುಕ್ಕು. ದವಡೆಗಳು ಒಂದು ಗೇಣಿನಷ್ಟು ತೆರೆದುಕೊಂಡು ಹಾಗೇ ಸಿಕ್ಕಿಕೊಂಡು ನಿಂತಿದ್ದವು. ಮುಂದಿನ ದವಡೆಯನ್ನು ಹೊರಕ್ಕೆ ತಳ್ಳಬೇಕಾದ ಸ್ಪ್ರಿಂಗ್ ಪಟ್ಟಿ ಎಂದೋ ಮುರಿದು ಬಿದ್ದಿತ್ತು.

ಅಂದಿನಿಂದ ಮನೆಯಲ್ಲಿ ಬೇರೆ ಮಾತಿಲ್ಲ. ವಾಚನಾಲಯದ ಪುಸ್ತಕಗಳು ಬಂದವು. ಗುಜರಿ ಅಂಗಡಿಗಳಿಂದ, ವಸ್ತುವನ್ನು ಬಿಗಿದು ಹಿಡಿಯುವ ಕ್ಲಾಂಪುಗಳು ಬಂದವು. ಒಂದೊಂದಕ್ಕೂ ಒಂದೊಂದು ಚೀಟಿ ಬಂತು. "ಅಪ್ಪಾ, ಊಟಕ್ಕೆ ಕೂತ್ರೆ ಬೆಣೆ ಅಂತಾರೆ, ಎದ್ರೆ ತಿರುಪು ಅಂತಾರೆ. ಮೊನ್ನೆ ನಿದ್ದೆಯಲ್ಲಿ ನನ್ನ ಮೊಣಕೈ ಹಿಡ್ಕೊಂಡು 'ಜಾರಲ್ಲ, ಜಾರಲ್ಲ' ಅಂದ್ರು," ಎಂದು ನನ್ನ ಮಗಳು ದೂರಿದಳು. ದೂರು ನ್ಯಾಯವಾದದ್ದೇ. ಆದರೆ ಹದಿನಾರು ವರ್ಷ ಮುಚ್ಚಳದಂಥ ಮುಖ ಹೊತ್ತು ಮನೆಗೆ ಬರುತ್ತಿದ್ದವನು ಈಗ ಶಿಳ್ಳೆ ಹಾಕುತ್ತ ಬರುತ್ತಿದ್ದುದನ್ನೂ ನಾನು ಗಮನಿಸಿದ್ದೆ. ಗಮನಿಸಿ, ಹೇಳದೆ ಇದ್ದೆ.

ಅವನಿಗೆ ಒಂದು ನಿಯಮವಿತ್ತು. ಆ ವೈಸನ್ನು ತಿರುಗಿಸಕೂಡದು. ಪ್ರತಿ ಭಾನುವಾರ ತಿರುಪಿನ ಬುಡಕ್ಕೆ ಎಣ್ಣೆ ಬಿಟ್ಟು, ಬಟ್ಟೆಯಿಂದ ಒರೆಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಿದ್ದ.

"ತಿರುಗಿಸಿ ನೋಡಬಾರದೇ?" ಎಂದು ನಾನೊಮ್ಮೆ ಕೇಳಿದ್ದುಂಟು.

"ಇತಿಹಾಸಕ್ಕೆ ಕೈ ಹಚ್ಚಬಾರದು ಮಾವ. ನೋಡಿ ತಿಳ್ಕೊಬೇಕು."

ನೋಡಿ ತಿಳಿದುಕೊಂಡ ಜ್ಞಾನವನ್ನು ಬಾಯಿಬಿಟ್ಟು ಹೇಳುವ ಸಂದರ್ಭ ಬೇಗನೆ ಒದಗಿತು. ಊರಿನ ತಾಂತ್ರಿಕ ಶಾಲೆಯಲ್ಲಿ ಹಳೆಯ ಉಪಕರಣಗಳ ಒಂದು ಪ್ರದರ್ಶನದ ಹಾಲ್ ಇದೆ. ಅಳಿಯ ಅದನ್ನು ನೋಡಲು ಹೋದವನು ಒಂದು ಮರದ ಕ್ಲಾಂಪಿನ ಮುಂದೆ ನಿಂತು, ಚೀಟಿಯಲ್ಲಿ ಬರೆದದ್ದು ತಪ್ಪು ಎಂದು ಸ್ವಲ್ಪ ಗಟ್ಟಿಯಾಗಿ ಅಂದ. ಹಿಂದೆ ನಿಂತಿದ್ದ ಹೆಂಗಸು, "ಹೌದು, ತಪ್ಪು. ತಿಂಗಳಾಯ್ತು ಬದಲಾಯಿಸಬೇಕು ಅಂತ. ತಮಗೆ ಇದರ ಅಭ್ಯಾಸ ಎಷ್ಟು ವರ್ಷದ್ದು?" ಎಂದರು. ಅವರು ಆ ಶಾಲೆಯ ಪ್ರಾಂಶುಪಾಲರು.

"ಮೂವತ್ತು," ಎಂದುಬಿಟ್ಟ ನನ್ನ ಅಳಿಯ. ಮನೆಯಲ್ಲಿ ಸಂಗ್ರಹವಿದೆ ಎಂದೂ ಸೇರಿಸಿದ.

ಅವನ ವಯಸ್ಸು ನಲವತ್ತು. ಹತ್ತನೆಯ ವರ್ಷದಿಂದ ಒಬ್ಬ ಬಾಲಕ ಕ್ಲಾಂಪುಗಳ ಚರಿತ್ರೆಯನ್ನು ಅಭ್ಯಾಸ ಮಾಡಿದ್ದಾನೆಂದು ಆ ಲೆಕ್ಕದ ಅರ್ಥ. ಪ್ರಾಂಶುಪಾಲರು ಕಳೆದು ನೋಡಿರಬೇಕು. ಆದರೂ ಏನೂ ಹೇಳದೆ, ಹಾಲ್‌ನ ಮೇಲ್ವಿಚಾರಕರು ನಿವೃತ್ತರಾಗಿದ್ದಾರೆ, ಬೇರೆಯವರನ್ನು ಹುಡುಕುತ್ತಿದ್ದೇವೆ, ಮಂಗಳವಾರ ತಮ್ಮ ಸಂಗ್ರಹ ನೋಡಲು ಬರುತ್ತೇನೆ ಎಂದರು.

ಅಂದು ರಾತ್ರಿ ಮಗಳು ತನ್ನ ಷರತ್ತು ಮುಂದಿಟ್ಟಳು. "ಆ ಕೆಲಸ ಸಿಕ್ರೆ ಸರಿ ರೀ. ಸಿಗ್ಲಿಲ್ಲ ಅಂದ್ರೆ ಬುಧವಾರ ಬೆಳಿಗ್ಗೆ ಗುಜರಿಯವನು ಬರ್ತಾನೆ. ನಾನು ಹೇಳಿಯಾಗಿದೆ. ಹದಿನೇಳೂ ಎತ್ಕೊಂಡು ಹೋಗ್ತಾನೆ. ನನಗೆ ಆ ಕೋಣೆ ಬೇಕು."

"ಕಾಲಿರೋದನ್ನೂ?"

"ಮೊದಲು ಅದನ್ನೇ. ಅದಕ್ಕೆ ಕಾಲಿದೆಯಲ್ಲ, ನಡ್ಕೊಂಡೇ ಹೋಗ್ಲಿ."

ಮಂಗಳವಾರದ ರಜೆಗೆ ಅಳಿಯ ಕಚೇರಿಗೆ ಬರೆದುಕೊಟ್ಟ ಕಾರಣ, ಮಾವನವರ ಸ್ಥಿತಿ ಗಂಭೀರವಾಗಿದೆ ಎಂದು. ಬರೆದುಕೊಟ್ಟ ಮೇಲೆ ನನಗೆ ತಿಳಿಸಿದ. ನಾನು ಅವನನ್ನು ನೋಡಿದೆ. "ಸುಳ್ಳೇನೂ ಅಲ್ಲ ಮಾವ," ಎಂದ, "ನೀವು ಯಾವಾಗಲೂ ಗಂಭೀರವಾಗೇ ಇರ್ತೀರಲ್ಲ."

ಪ್ರಾಂಶುಪಾಲರು ಹೇಳಿದ ಹೊತ್ತಿಗೆ ಬಂದರು. ತೆಳ್ಳಗಿನ ಮೈ, ಬಿಗಿಯಾಗಿ ಕಟ್ಟಿದ ನರೆಗೂದಲು, ಕೈಯಲ್ಲಿ ಗಟ್ಟಿ ಚರ್ಮದ ಚೀಲ. ಕೋಣೆಯೊಳಗೆ ನಿಂತು ಚೀಲವನ್ನಿಡಲು ಜಾಗ ಹುಡುಕಿದರು. ಮೇಜಿನ ತುಂಬ ಹದಿನಾರು ಉಪಕರಣಗಳು ತಮ್ಮ ತಮ್ಮ ಚೀಟಿಗಳೊಡನೆ ಸಾಲಾಗಿ ಮಲಗಿದ್ದವು. ನೆಲದ ಮೇಲೆ ಎಣ್ಣೆ. ಕುರ್ಚಿಯ ಸಂಗತಿ ಮೊದಲೇ ಹೇಳಿದ್ದೇನೆ. ಮೇಜಿನ ಅಂಚಿಗೆ ಬಿಗಿದಿದ್ದ ಹದಿನೇಳನೆಯದು ಮಾತ್ರ ಬಾಯಿ ತೆರೆದು, ಅವರ ಸೊಂಟದ ಎತ್ತರಕ್ಕೆ, ಯಾರೋ ಚೀಲವಿಡಲೆಂದೇ ಮಾಡಿಸಿದ ಗೂಡಿನಂತೆ ನಿಂತಿತ್ತು. ಚೀಲವನ್ನು ಅದರ ದವಡೆಗಳ ನಡುವೆ ಇಟ್ಟು ಕೈ ಕಟ್ಟಿಕೊಂಡರು.

ಅಳಿಯ ಮೇಜಿನ ಹಿಂದಕ್ಕೆ ಹೋಗಿ ನಿಂತ. ಭಾಷಣ ಮಾಡುವವನಿಗೂ ಕೇಳುವವನಿಗೂ ನಡುವೆ ಒಂದು ಮೇಜು ಇರಬೇಕೆಂದು ಅವನು ಎಲ್ಲೋ ನೋಡಿದ್ದ. ಗೋಡೆಗೂ ಮೇಜಿಗೂ ನಡುವಿನ ಸಂದಿಯಲ್ಲಿ ಅವನ ಹೊಟ್ಟೆ ತುಸು ಕಷ್ಟದಿಂದಲೇ ಹಿಡಿಸಿತು.

"ಮೊದಲನೇ ವೈಸು ಯಾವುದು ಅಂದ್ರೆ ಮೇಡಂ, ಮನುಷ್ಯನ ಕಾಲು," ಎಂದು ಆರಂಭಿಸಿದ. "ಬಡಗಿ ಹಲಗೆಯನ್ನ ಪಾದದಲ್ಲಿ ಅದುಮಿ ಹಿಡ್ಕೊಂಡು ಎರಡು ಕೈಯಲ್ಲಿ ಕೆಲಸ ಮಾಡ್ತಿದ್ದ. ಕಾಲು ಸಾಲದಾದಾಗ ಎರಡು ಗೂಟ, ಒಂದು ಬೆಣೆ. ಆಮೇಲೆ ಇದು." ಒಂದು ಬಾಗಿದ ಕಬ್ಬಿಣದ ಸರಳನ್ನು ಎತ್ತಿ ತೋರಿಸಿದ. "ಮೇಜಿನಲ್ಲಿ ಒಂದು ತೂತು. ಸರಳು ಅದರೊಳಗೆ ಇಳಿಯುತ್ತೆ, ಕೊಕ್ಕು ಹಲಗೆ ಮೇಲೆ ಕೂರುತ್ತೆ. ತಲೆ ಮೇಲೆ ಒಂದು ಪೆಟ್ಟು ಕೊಟ್ರೆ ಹಿಡಿಯುತ್ತೆ, ಹಿಂದಿನಿಂದ ಒಂದು ಪೆಟ್ಟು ಕೊಟ್ರೆ ಬಿಡುತ್ತೆ. ತಿರುಪಿಲ್ಲ, ಹಲ್ಲಿಲ್ಲ, ಏನೂ ಇಲ್ಲ."

"ಏನೂ ಇಲ್ಲ ಅಂದಮೇಲೆ ಯಾಕೆ ಜಾರಲ್ಲ?" ಎಂದರು ಪ್ರಾಂಶುಪಾಲರು.

"ತೂತು ಸರಳಿಗಿಂತ ಕೂದಲೆಳೆ ದೊಡ್ಡದು ಮೇಡಂ. ಪೆಟ್ಟು ಬಿದ್ದಾಗ ಸರಳು ಓರೆಯಾಗಿ ಎರಡು ಕಡೆ ಒತ್ತಿ ನಿಲ್ಲುತ್ತೆ. ತೂತು ಸರಿಯಾಗಿ ಹೊಂದಿದ್ರೆ ಹಿಡೀತಾನೇ ಇರ್ಲಿಲ್ಲ."

ಅವರು ತಲೆಯಾಡಿಸಿದರು. ಅಳಿಯನ ಕಿವಿ ಕೆಂಪಾಯಿತು. ಅವನು ಮರದ ತಿರುಪಿಗೆ ಬಂದ, ಕಬ್ಬಿಣದ ತಿರುಪಿಗೆ ಬಂದ, ಇಂಗ್ಲಿಷಿನ 'ಜಿ' ಅಕ್ಷರದ ಆಕಾರದ ಕ್ಲಾಂಪಿಗೆ ಬಂದ, ಕೊನೆಗೆ ಕಾಲುಳ್ಳ ವೈಸಿಗೆ ಬಂದ. ಕಮ್ಮಾರ ಸುತ್ತಿಗೆಯಿಂದ ಬಡಿಯುವವನು. ಬಡಿತದ ಭಾರ ಮೇಜಿನ ಮೇಲೆ ಬಿದ್ದರೆ ಮೇಜು ಮುರಿಯುತ್ತದೆ. ಆದ್ದರಿಂದ ಭಾರವನ್ನು ನೇರವಾಗಿ ನೆಲಕ್ಕೆ ಇಳಿಸಲು ಈ ಕಾಲು. ದವಡೆಯ ಕೀಲು ಕೆಳಗಿರುವುದರಿಂದ, ಬಾಯಿ ದೊಡ್ಡದಾಗಿ ತೆರೆದಷ್ಟೂ ದವಡೆಗಳು ಓರೆಯಾಗುತ್ತವೆ, ದಪ್ಪ ವಸ್ತುವನ್ನು ಕೆಳತುದಿಯಲ್ಲಿ ಮಾತ್ರ ಕಚ್ಚುತ್ತವೆ. ಅರದಿಂದ ನಯ ಮಾಡುವವರಿಗೆ ಅದು ಒಗ್ಗಲಿಲ್ಲ. ಹಾಗಾಗಿ ಮುಂದೆ ದವಡೆಗಳು ಸಮನಾಗಿ ಸರಿಯುವ ವೈಸುಗಳು ಬಂದವು. ನನಗೆ ವಿಷಯ ತಿಳಿಯದು. ಆದರೂ ಒಂದು ಹೆಜ್ಜೆ ಹತ್ತಿರ ಹೋಗಿದ್ದೆ ಎಂದು ಆಮೇಲೆ ಅರಿವಾಯಿತು.

ಇಲ್ಲಿಗೇ ನಿಲ್ಲಿಸಿದ್ದರೆ ಕೆಲಸ ಅವನದೇ ಆಗುತ್ತಿತ್ತು. ಆದರೆ ಕೇಳುವವರು ತಲೆಯಾಡಿಸುತ್ತಿರುವಾಗ ನಿಲ್ಲಿಸಿದ ಮನುಷ್ಯನನ್ನು ನಾನು ನನ್ನ ಆಯುಷ್ಯದಲ್ಲಿ ಕಂಡಿಲ್ಲ.

"ಓರೆ ಹೇಗೆ ಅಂತ ತೋರಿಸ್ತೀನಿ. ಹೇಗೂ ನಿಮ್ಮ ಬ್ಯಾಗು ಇಲ್ಲೇ ಇದೆ. ಸುಮ್ಮನೆ ಮುಟ್ಟಿಸಿ ಬಿಟ್ಟುಬಿಡ್ತೀನಿ."

ಮೇಜಿನ ಹಿಂದಿನಿಂದಲೇ ಬಗ್ಗಿ, ದವಡೆಗಳ ಮೇಲಿನಿಂದ ಕೈ ಚಾಚಿ, ಮುಂದಿನ ಹಿಡಿಕೆಯನ್ನು ಹಿಡಿದು ತನ್ನ ಬಲಕ್ಕೆ ತಿರುಗಿಸಿದ. ಬಲಕ್ಕೆ ತಿರುಗಿಸಿದರೆ ಬಿಗಿ, ಎಡಕ್ಕೆ ತಿರುಗಿಸಿದರೆ ಸಡಿಲ. ಇದು ಅವನಿಗೂ ಗೊತ್ತು, ನನಗೂ ಗೊತ್ತು. ಮೂರು ತಿಂಗಳ ಎಣ್ಣೆ ಅಂದೇ ಫಲ ಕೊಟ್ಟಿತು. ಒಂದು ಕಿರುಗುಟ್ಟುವಿಕೆ, ಆಮೇಲೆ ಬೆಣ್ಣೆಯಂತೆ ತಿರುಗಿತು. ದವಡೆ ಮುಂದೆ ಬಂದು ಚೀಲವನ್ನು ಮೃದುವಾಗಿ ಹಿಡಿಯಿತು.

"ನೋಡಿ, ಕೆಳಗೆ ಮಾತ್ರ ಕಚ್ಚಿದೆ," ಎಂದ. ಪ್ರಾಂಶುಪಾಲರು ಬಗ್ಗಿ ನೋಡಿ, "ನಿಜ," ಎಂದರು. ಅಳಿಯ ಹೆಮ್ಮೆಯಿಂದ ಸಂದಿಯಿಂದ ಹೊರಬಂದು, ಅತಿಥಿಗೆ ಚೀಲ ಬಿಡಿಸಿಕೊಡುವ ಮರ್ಯಾದೆಗಾಗಿ ಎದುರಿಗೆ ಬಂದು ನಿಂತು, ಹಿಡಿಕೆಯನ್ನು ಎಡಕ್ಕೆ ತಿರುಗಿಸಿದ.

ಚೀಲದ ಒಳಗಿನಿಂದ ಸಣ್ಣದೊಂದು ಶಬ್ದ ಬಂತು.

"ಅದು ಕನ್ನಡಕ," ಎಂದರು ಪ್ರಾಂಶುಪಾಲರು.

ಅಳಿಯ ಹಿಡಿಕೆಯಿಂದ ಕೈ ತೆಗೆದ. "ಎಡಕ್ಕೇ ತಿರುಗಿಸಿದ್ದು ಮಾವ," ಎಂದು ನನ್ನ ಕಡೆ ನೋಡಿದ.

"ಎಡಕ್ಕೇ," ಎಂದು ನಾನು ದೃಢಪಡಿಸಿದೆ.

"ಸ್ಪ್ರಿಂಗ್ ಪಟ್ಟಿ ಇಲ್ವಲ್ಲ ಮೇಡಂ, ಅದಕ್ಕೆ. ತಿರುಪು ಸಡಿಲ ಆಗಿದೆ, ದವಡೆ ಹಿಂದೆ ಬರೋದಕ್ಕೆ ತಳ್ಳೋರಿಲ್ಲ. ಒಂಚೂರು ಜಾಸ್ತಿ ಎಡಕ್ಕೆ ಹೋದ್ರೆ ಸರಿಹೋಗುತ್ತೆ." ಅವನ ಶಕ್ತಿಗೆ ಅದು ಒಂಚೂರೂ ಜಗ್ಗಲಿಲ್ಲ.

ಮೇಲಿನ ಮನೆಯಲ್ಲಿ ನಲ್ಲಿ ರಿಪೇರಿಯವನು ಕೆಲಸ ಮಾಡುತ್ತಿದ್ದ. ಮಗಳು ಅವನನ್ನು ಕರೆತಂದಳು. ಹೆಗಲ ಮೇಲೆ ಎರಡಡಿಯ ಕಬ್ಬಿಣದ ಪೈಪು ಹೊತ್ತು ಬಂದ ಅವನು ವೈಸನ್ನು ನೋಡಲಿಲ್ಲ, ಹಿಡಿಕೆಯನ್ನು ನೋಡಿದ.

"ಇದೇನ್ ಯಜಮಾನ್ರೇ, ತುಕ್ಕು. ಜಗಳ ಆಡೋ ಹೆಂಗಸಿದ್ದಂಗೆ. ಸುಮ್ನಿದ್ರೆ ಬಗ್ಗಲ್ಲ, ಜೋರು ಮಾಡಿದ್ರೆ ಬಗ್ಗುತ್ತೆ." ಮಗಳ ಮುಖ ನೋಡಿ, "ಗಂಡಸಾದ್ರೂ ಅಷ್ಟೇನ್ರಮ್ಮ," ಎಂದು ಸೇರಿಸಿದ. ಪೈಪನ್ನು ಹಿಡಿಕೆಗೆ ತೊಡಿಸಿ ಉದ್ದ ಮಾಡಿಕೊಂಡ. "ಯಾವ ಕಡೆ?"

"ಎಡಕ್ಕೆ," ಎಂದು ನಾವು ಮೂವರೂ ಹೇಳಿದೆವು. ಮೂವರಲ್ಲಿ ಪ್ರಾಂಶುಪಾಲರೂ ಒಬ್ಬರು ಎಂಬುದನ್ನು ನ್ಯಾಯಕ್ಕಾಗಿ ದಾಖಲಿಸುತ್ತೇನೆ.

ಅವನು ಎಡಕ್ಕೆ ಒತ್ತಿದ. ಚೀಲದೊಳಗೆ ಕಡಲೆ ಸುಲಿದಂಥ ಸದ್ದು ಸಾಲಾಗಿ ಬಂತು.

"ಬಾಚಣಿಗೆ," ಎಂದರು ಪ್ರಾಂಶುಪಾಲರು. "ಒಂದೊಂದೇ ಹಲ್ಲು."

"ಹಂಗೇ ಅದು ಮೇಡಂ. ಬಿಡೋಕ್ ಮುಂಚೆ ಒಂದ್ಸಲ ಕಚ್ಚುತ್ತೆ. ಎಲ್ಲಾ ನಲ್ಲೀನೂ ಹಂಗೇ."

"ಅಪ್ಪಾ," ಎಂದಳು ಮಗಳು, "ಆ ಕಡೆಗೆ ತಿರುಗಿಸಿ ನೋಡಬಾರದಾ?"

ಗಂಡಸರು ನಕ್ಕರು. ನಾನು ನಗುವವನಲ್ಲ, ತಾಳ್ಮೆಯಿಂದ ವಿವರಿಸಿದೆ. "ಅದು ಬಿಗಿ ಮಾಡುವ ದಿಕ್ಕು ಮಗಳೇ. ಮೊದಲೇ ಬಿಗಿಯಾಗಿರುವುದನ್ನು ಇನ್ನೂ ಬಿಗಿ ಮಾಡಿದರೆ ಮೊತ್ತ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ."

"ಈಗ ಮಾತ್ರ ಕಡಿಮೆ ಆಗ್ತಿದೆಯಾ?" ಎಂದಳು. ನಿಯಮ ನಮ್ಮ ಪಕ್ಷದಲ್ಲಿತ್ತು. ಚೀಲ ಮಾತ್ರ ಅವಳ ಪಕ್ಷದಲ್ಲಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಚರಂಡಿ ಇಲಾಖೆಯ ಸಾಹೇಬರು, ಅಳಿಯನ ಮೇಲಧಿಕಾರಿ, ಕೈಯಲ್ಲಿ ಕಿತ್ತಳೆ ಹಣ್ಣಿನ ಪೊಟ್ಟಣ ಹಿಡಿದು ನಿಂತಿದ್ದರು. ಮುಖದಲ್ಲಿ ಸಾವಿನ ಮನೆಗೆ ಹೋಗುವಾಗ ಧರಿಸುವ ಗಾಂಭೀರ್ಯ.

"ಮಾವನವರು..." ಎಂದು ತಗ್ಗಿದ ದನಿಯಲ್ಲಿ ಕೇಳಿದರು.

ಅಳಿಯನ ಕೈ ತಾನಾಗಿ ನನ್ನ ಕಡೆ ಹೋಯಿತು. ನಾನು ಆ ಹೊತ್ತಿಗೆ ಪೈಪಿನ ಇನ್ನೊಂದು ತುದಿಯನ್ನು ಎರಡೂ ಕೈಯಿಂದ ಹಿಡಿದು, ತೋಳೇರಿಸಿ, ಮೇಜಿಗೆ ಕಾಲು ಕೊಟ್ಟು ನಿಂತಿದ್ದೆ.

ಸಾಹೇಬರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಗಂಭೀರ ಅಂತ ಬರೆದಿದ್ರಿ."

"ಗಂಭೀರವೇ ಸಾರ್," ಎಂದ ಅಳಿಯ ಚೀಲದ ಕಡೆ ನೋಡುತ್ತ.

"ಇದರ ವಿಚಾರಣೆ ನಾಳೆ ಕಚೇರಿಯಲ್ಲಿ. ಸುಳ್ಳು ರಜೆ ಅಂದ್ರೆ ಏನಾಗುತ್ತೆ ಗೊತ್ತಲ್ಲ." ಹೀಗೆ ಹೇಳಿ ಹೊರಟುಹೋಗಬೇಕಿದ್ದ ಸಾಹೇಬರು ಹೋಗಲಿಲ್ಲ. ಅವರು ಎಂಜಿನಿಯರು. ಬಿಗಿದು ನಿಂತ ತಿರುಪೊಂದನ್ನು ಕಣ್ಣಾರೆ ಕಂಡು ಮುಟ್ಟದೆ ಹೋಗುವ ಎಂಜಿನಿಯರು ಇನ್ನೂ ಹುಟ್ಟಿಲ್ಲ. ಹಣ್ಣಿನ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು ("ಹೇಗಿದ್ರೂ ತಂದಿದ್ದು, ತಿನ್ನಿ") ವೈಸಿನ ಮುಂದೆ ಕುಕ್ಕರಿಸಿದರು.

"ಬರೀ ಶಕ್ತಿ ಸಾಲದು ಇದಕ್ಕೆ. ಎಳೆತ ಬೇಕು. ಮಧ್ಯೆ ನಿಲ್ಲಿಸಬಾರದು. ಯಾವ ಕಡೆ ತಿರುಗಿಸ್ತಿದ್ರಿ?"

"ಎಡಕ್ಕೆ."

"ಸರಿಯಾಗೇ ಮಾಡ್ತಿದ್ರಿ. ಸಮನಾಗಿ ಮಾಡಿಲ್ಲ, ಅಷ್ಟೇ."

ಅವರು ಸಮನಾಗಿ ಮಾಡಿದರು. ನಲ್ಲಿಯವನು ಅವರ ಬೆನ್ನಿಗೆ ನಿಂತು ಜೊತೆಗೂಡಿದ. ಈ ಸಲದ ಶಬ್ದ ದೊಡ್ಡದು. ಲೋಹದ ಏನೋ ಒಂದು ನಿಧಾನವಾಗಿ ಮುದುಡಿ ತಗ್ಗಿತು.

"ಊಟದ ಡಬ್ಬಿ," ಎಂದರು ಪ್ರಾಂಶುಪಾಲರು. ಸ್ವಲ್ಪ ತಡೆದು, "ಇವತ್ತು ಸಾರು ತಂದಿದ್ದೆ," ಎಂದರು. ಚೀಲದ ಕೆಳಗಿನಿಂದ ಅದಕ್ಕೆ ಸಾಕ್ಷಿಯೂ ಇಳಿಯತೊಡಗಿತು.

ಸಾಹೇಬರು ಪೈಪಿನಿಂದ ಕೈ ತೆಗೆದರು. ಆಗ ದವಡೆಗಳ ನಡುವಿನಿಂದ ಟಿಕ್ ಟಿಕ್ ಎಂಬ ಸಣ್ಣ ದನಿ ಎಲ್ಲರಿಗೂ ಕೇಳಿಸಿತು. ಪ್ರಾಂಶುಪಾಲರ ಮುಖದಲ್ಲಿ ಮೊದಲ ಬಾರಿಗೆ ಏನೋ ಕದಲಿತು.

"ಇನ್ನು ಉಳಿದಿರೋದು ಅದೊಂದೇ. ನನ್ನ ಅಮ್ಮನ ಕೈಗಡಿಯಾರ. ಪಟ್ಟಿ ಹಾಕಿಸೋಣ ಅಂತ ತಂದಿದ್ದೆ."

ಮಗಳು ಕತ್ತರಿ ತಂದಳು. ಪ್ರಾಂಶುಪಾಲರು ತಲೆಯಲ್ಲಾಡಿಸಿದರು. "ಚರ್ಮ ಕತ್ತರಿಸಬಹುದಮ್ಮ. ಗಡಿಯಾರ ಇರೋದು ಕಬ್ಬಿಣದ ಮಧ್ಯದಲ್ಲೇ. ಇಷ್ಟು ಹೊತ್ತು ಡಬ್ಬಿ ತಡ್ಕೊಂಡಿತ್ತು. ಈಗ ಡಬ್ಬಿ ಇಲ್ಲ."

"ಮೇಡಂ, ಒಂದೇ ದಾರಿ," ಎಂದ ನಲ್ಲಿಯವನು. "ತಿರುಪು ಕತ್ತರಿಸಿಬಿಡೋದು. ಮೂಲೆ ಅಂಗಡಿ ವೆಲ್ಡಿಂಗಿನೋನ್ನ ಕರೀತೀನಿ. ಅರ್ಧ ಗಂಟೆ ಕೆಲಸ. ಆಮೇಲೆ ಇದು ಗುಜರಿಗೇ ಸರಿ."

"ಗುಜರಿಯವನು ನಾಳೆ ಬರ್ತಾನೆ," ಎಂದಳು ಮಗಳು. ಆದರೆ ಈ ಸಲ ಅವಳ ದನಿಯಲ್ಲಿ ಗೆಲುವು ಇರಲಿಲ್ಲ. ಗಂಡನ ಮುಖವನ್ನು ನೋಡಿಬಿಟ್ಟಿದ್ದಳು.

ಪ್ರಾಂಶುಪಾಲರು ವೈಸಿನ ಮೇಲೆ ಕೈಯಿಟ್ಟು ಒಂದು ಕ್ಷಣ ನಿಂತರು. "ಒಳ್ಳೆ ವಸ್ತು. ಕತ್ತರಿಸೋಕೆ ಮನಸ್ಸಿಲ್ಲ. ಆದರೆ ಗಡಿಯಾರ ಅಮ್ಮಂದು. ಕತ್ತರಿಸಿ." ಅಳಿಯನ ಕಡೆ ತಿರುಗಿ, ಸಿಟ್ಟಿಲ್ಲದೆ ಹೇಳಿದರು: "ಮೂವತ್ತು ವರ್ಷ ಅಂದ್ರಿ. ಬಾಯಿ ಬಿಡಿಸೋಕೆ ಬರದವರ ಕೈಗೆ ನಮ್ಮ ಹಾಲ್ ಹೇಗೆ ಕೊಡಲಿ ಹೇಳಿ."

ಹೀಗೆ ಕಾಲು ಗಂಟೆಯೊಳಗೆ ನನ್ನ ಅಳಿಯ ಸಿಗಬೇಕಿದ್ದ ಕೆಲಸವನ್ನು ಕಳೆದುಕೊಂಡ, ಇದ್ದ ಕೆಲಸವನ್ನು ನಾಳೆಯ ವಿಚಾರಣೆಗೆ ಒಡ್ಡಿದ, ವೈಸನ್ನು ವೆಲ್ಡಿಂಗಿನವನಿಗೆ ಒಪ್ಪಿಸಿದ. ಬೇರೆಯವರಾಗಿದ್ದರೆ ಕ್ಷಮೆ ಕೇಳುತ್ತಿದ್ದರು, ಅಥವಾ ಹೊರಗೆ ಹೋಗಿ ನಿಲ್ಲುತ್ತಿದ್ದರು. ಅವನು ಎರಡನ್ನೂ ಮಾಡಲಿಲ್ಲ. ತಲೆ ಕೆರೆದುಕೊಂಡು ನನ್ನನ್ನು ಕೇಳಿದ:

"ಮಾವ, ಮೊದಲು ನಾನು ಎಲ್ಲಿ ನಿಂತಿದ್ದೆ?"

"ಮೇಜಿನ ಹಿಂದೆ."

"ಆಗ ಚೆನ್ನಾಗಿ ತಿರುಗ್ತಲ್ಲ?"

"ಚೆನ್ನಾಗಿಯೇ ತಿರುಗಿತು."

"ಹಾಗಾದ್ರೆ ಅಲ್ಲಿಂದ್ಲೇ ಬಿಡಿಸ್ತೀನಿ. ಎಲ್ಲಿಂದ ಹಾಕ್ದೆನೋ ಅಲ್ಲಿಂದ್ಲೇ ತೆಗೀಬೇಕಲ್ವಾ."

ಇದು ವಿಚಾರವಂತರು ಆಡುವ ಮಾತಲ್ಲ ಎಂಬ ಭಾವನೆ ಎಲ್ಲರ ಮುಖದಲ್ಲಿತ್ತು. ತಿರುಪಿಗೆ ತಿರುಗಿಸುವವನು ಎಲ್ಲಿ ನಿಂತಿದ್ದಾನೆ ಎಂಬುದು ಗೊತ್ತಾಗುವುದಿಲ್ಲ ಎಂದು ಸಾಹೇಬರು ಹೇಳಿದರು. ಅಳಿಯ ಆ ವೇಳೆಗೆ ಸಂದಿಯೊಳಗೆ ಹೊಟ್ಟೆಯನ್ನು ಸೇರಿಸಿಕೊಂಡಾಗಿತ್ತು. ಮೇಲಿನಿಂದ ಬಗ್ಗಿ, ಎರಡೂ ಕೈಯಿಂದ ಹಿಡಿಕೆಯನ್ನು ಹಿಡಿದು, ತನ್ನ ಎಡಕ್ಕೆ ಎಳೆದ.

ಎದುರಿಗೆ ನಿಂತಿದ್ದ ನಮಗೆ ಹಿಡಿಕೆ ಬಲಕ್ಕೆ ತಿರುಗುವುದು ಕಂಡಿತು.

"ರೀ, ರೀ, ಬಿಗಿ ಮಾಡ್ತಿದ್ದೀರಿ," ಎಂದರು ಸಾಹೇಬರು. "ಬೇಡ್ರೀ ಸಾಮಿ," ಎಂದ ನಲ್ಲಿಯವನು. ಪ್ರಾಂಶುಪಾಲರು ಕಣ್ಣು ಮುಚ್ಚಿಕೊಂಡರು. ನಾನು ತಡೆಯಲು ಕೈ ಚಾಚಿದೆ. ಆದರೆ ಕೈಯಲ್ಲಿ ಕಿತ್ತಳೆ ಹಣ್ಣುಗಳಿದ್ದವು.

ಚೀಲ ಜಾರಿ, ಪ್ರಾಂಶುಪಾಲರ ಪಾದದ ಮುಂದೆ ಬಿತ್ತು.

ಸ್ವಲ್ಪ ಹೊತ್ತು ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ. ಆಮೇಲೆ ಪ್ರಾಂಶುಪಾಲರೇ ಕುಳಿತು, ಚಪ್ಪಟೆಯಾದ ಡಬ್ಬಿಯ ಪಕ್ಕದಿಂದ ಗಡಿಯಾರವನ್ನು ತೆಗೆದು, ಸಾರನ್ನು ಸೆರಗಿನಿಂದ ಒರೆಸಿ, ಕಿವಿಗೆ ಹಿಡಿದರು. ನಡೆಯುತ್ತಿತ್ತು.

"ನಾನು ಆಗಲೇ ಹೇಳ್ದೆ," ಎಂದಳು ಮಗಳು.

ಸುಮಾರು ಹೊತ್ತಿನ ಮೇಲೆ ನನ್ನ ತಲೆಯಲ್ಲಿ ಲೆಕ್ಕ ಕೂಡಿಬಂತು. ಆ ತಿರುಪು ಲೋಕದ ಉಳಿದ ತಿರುಪುಗಳಿಗೆ ವಿರುದ್ಧವಾದದ್ದು; ಎಡಕ್ಕೆ ಬಿಗಿಯುತ್ತದೆ, ಬಲಕ್ಕೆ ಬಿಡುತ್ತದೆ. ಅಳಿಯ ಮೊದಲು ಹಿಂದಿನಿಂದ ನಿಂತು ತನ್ನ ಬಲಕ್ಕೆ ತಿರುಗಿಸಿದಾಗ ಎದುರಿನಿಂದ ಅದು ಎಡವಾಗಿತ್ತು. ನಿಂತ ಜಾಗ ತಪ್ಪು, ತಿರುಪೂ ತಪ್ಪು. ಎರಡು ಋಣಸಂಖ್ಯೆಗಳ ಗುಣಲಬ್ಧದಂತೆ ಫಲ ಸರಿಯಾಗಿ ಬಂತು. ಮುಂದೆ ನಾವೆಲ್ಲ ಸರಿಯಾದ ಜಾಗದಲ್ಲಿ ನಿಂತು, ಸರಿಯಾದ ನಿಯಮದಂತೆ, ಸರಿಯಾದ ಶಕ್ತಿಯಿಂದ ತಿರುಗಿಸಿದೆವು. ಒಂದೇ ತಪ್ಪು ಉಳಿಯಿತು, ಅದಕ್ಕೇ ಕೆಟ್ಟಿತು. ಇದನ್ನು ನಾನು ಸಭೆಗೆ ತಿಳಿಸಿದೆ. ಸಭೆಗೆ ಅಂಕಗಣಿತದಲ್ಲಿ ಆಸಕ್ತಿ ಇರಲಿಲ್ಲ.

"ಟಾರ್ಚ್ ಇದೆಯಾ?" ಎಂದರು ಪ್ರಾಂಶುಪಾಲರು.

ಟಾರ್ಚ್ ಬಂತು. ಆಮೇಲಿನ ದೃಶ್ಯವನ್ನು ನೋಡಿದ ಹೊರಗಿನವರು ಏನೆಂದುಕೊಳ್ಳುತ್ತಿದ್ದರೋ ತಿಳಿಯದು. ಒಬ್ಬ ಪ್ರಾಂಶುಪಾಲರು, ಒಬ್ಬ ಇಲಾಖಾ ಅಧಿಕಾರಿ, ಒಬ್ಬ ನಲ್ಲಿ ರಿಪೇರಿಯವನು ಮತ್ತು ಒಬ್ಬ ಗುಮಾಸ್ತ ಎಣ್ಣೆ ನೆಲದ ಮೇಲೆ ಮಂಡಿಯೂರಿ, ತಲೆಗೆ ತಲೆ ತಾಗಿಸಿ, ಒಂದು ತಿರುಪಿನ ಸಂದಿಯೊಳಗೆ ಇಣುಕುತ್ತಿದ್ದರು. ಒಡೆದ ಕನ್ನಡಕದ ಉಳಿದ ಒಂದು ಗಾಜನ್ನು ಪ್ರಾಂಶುಪಾಲರು ಕಣ್ಣಿಗೆ ಹಿಡಿದಿದ್ದರು.

"ಎಡ ಥ್ರೆಡ್ಡು, ತಿರುಪಿನ ಸುತ್ತೇ ಎಡಗಡೆಗಿದೆ," ಎಂದ ನಲ್ಲಿಯವನು ಮೆಲ್ಲಗೆ. "ಗ್ಯಾಸ್ ಸಿಲಿಂಡರಿನ ಕಡೆ ಇರುತ್ತೆ ಇದು. ನಂಗೆ ಹೊಳೀಲೇ ಇಲ್ವಲ್ಲ."

"ಸೈಕಲ್ಲಿನ ಎಡ ಪೆಡಲಿಗೂ ಇದೆ," ಎಂದರು ಸಾಹೇಬರು. ಅವರು ಪ್ರತಿದಿನ ಸೈಕಲ್ಲಿನಲ್ಲಿ ಕಚೇರಿಗೆ ಹೋಗುವವರು.

"ಆದರೆ ವೈಸಿಗೆ ಯಾಕೆ?" ಎಂದರು ಪ್ರಾಂಶುಪಾಲರು. "ವೈಸಿಗೆ ಏನು ಅಗತ್ಯ?"

ಅಳಿಯ ತಿರುಪು ಹೊಕ್ಕು ಕೂರುವ ಗೂಡಿನೊಳಗೆ ಬೆರಳು ತೂರಿಸಿ ತಡವುತ್ತಿದ್ದ. "ಇದು ಕೈಯಲ್ಲಿ ಮಾಡಿದ್ದು ಮೇಡಂ. ಹಿಂದೆ ಒಳಗಿನ ಥ್ರೆಡ್ಡು ಕೊರೀತಿರ್ಲಿಲ್ಲ. ತಿರುಪು ಮೊದಲು ಮಾಡ್ಕೊಂಡು, ಅದರ ಸುತ್ತುಗಳಿಗೆ ಸರಿಯಾಗಿ ಒಂದು ಪಟ್ಟಿ ಸುತ್ತಿ, ಅದನ್ನ ಗೂಡಿನೊಳಗೆ ಇಟ್ಟು ಹಿತ್ತಾಳೆ ಕರಗಿಸಿ ಬೆಸೀತಿದ್ರು. ಅಂದ್ರೆ ತಿರುಪು ಎಡ ಆದ್ರೆ ಗೂಡೂ ಎಡವೇ. ಒಂದು ಸಲ ತಿರುಪಿನಲ್ಲಿ ಕೈತಪ್ಪಿದ್ರೆ ಆಮೇಲೆ ಎಲ್ಲಾ ಅದಕ್ಕೆ ಹೊಂದ್ಕೊಂಡೇ ಬರುತ್ತೆ."

"ಕೈತಪ್ಪಿದ್ದೋ, ಬೇಕಂತ ಮಾಡಿದ್ದೋ?"

"ಗೊತ್ತಿಲ್ಲ ಮೇಡಂ." ಮೂರು ತಿಂಗಳಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಬಂದ ಮೇಲೆ ಉಳಿದದ್ದೂ ಬಂತು. "ನಾನು ಇದನ್ನ ಒಂದ್ಸಲಾನೂ ತಿರುಗಿಸಿಲ್ಲ. ಇವತ್ತೇ ಮೊದಲು. ಮೂವತ್ತು ವರ್ಷಾನೂ ಅಲ್ಲ. ಮೂರು ತಿಂಗಳು."

"ಅದು ಗೊತ್ತಿತ್ತು," ಎಂದರು ಅವರು ಎದ್ದು ಮಂಡಿ ಒರೆಸಿಕೊಳ್ಳುತ್ತ. "ಹತ್ತು ವರ್ಷದ ಹುಡುಗ ಅಷ್ಟು ಓದಲ್ಲ. ಇಲ್ಲಿ ಎಂಜಿನಿಯರಿದ್ರು, ಕಸುಬಿನವರಿದ್ರು, ನಾನಿದ್ದೆ, ಎಲ್ಲರಿಗೂ ನಿಯಮ ಗೊತ್ತಿತ್ತು. ಮೊದಲು ಎಲ್ಲಿ ನಿಂತಿದ್ದೆ ಅಂತ ಕೇಳಿದವರು ನೀವೊಬ್ಬರೇ. ಒಂದನೇ ತಾರೀಕಿಂದ ಬನ್ನಿ. ವೈಸನ್ನೂ ತನ್ನಿ. ಅದು ಹಾಲ್‌ನಲ್ಲಿರಲಿ."

ಅಳಿಯ ಬಟ್ಟೆ ತೆಗೆದುಕೊಂಡು ವೈಸಿನ ಮೇಲಿನ ಸಾರನ್ನು ಒರೆಸತೊಡಗಿದ. ಮಗಳು ಕೋಣೆಯ ನಾಲ್ಕು ಮೂಲೆಗಳನ್ನೂ ಕಣ್ಣಲ್ಲೇ ಅಳೆದುಕೊಂಡಳು. ಕುರ್ಚಿಗಳು ಎಲ್ಲಿ ಬರಬೇಕೆಂದು ನಿಶ್ಚಯವಾದಂತೆ ತೋರಿತು. ಸಾಹೇಬರು ಗಂಟಲು ಸರಿಪಡಿಸಿಕೊಂಡು, "ರಾಜೀನಾಮೆ ಬರೀತೀರಲ್ಲ, ಹಾಗಾದ್ರೆ ವಿಚಾರಣೆ ಏನೂ ಬೇಡ," ಎಂದು, ಹೊರಡುವ ಮೊದಲು ಟಾರ್ಚ್ ತೆಗೆದುಕೊಂಡು ಇನ್ನೊಮ್ಮೆ ಇಣುಕಿದರು.

"ಮೇಡಂ, ಆ ಕನ್ನಡಕ, ಬಾಚಣಿಗೆ, ಡಬ್ಬಿ, ಚೀಲ..." ಎಂದ ಅಳಿಯ ಬಾಗಿಲವರೆಗೂ ಹೋಗಿ. "ಎಷ್ಟಾಗುತ್ತೆ ಅಂತ ಹೇಳಿದ್ರೆ..."

"ದುಡ್ಡು ಬೇಡ. ಯಾಕೆ ಎಡ ಅಂತ ಹೇಳಿ. ಅವತ್ತು ಬಾಕಿ ತೀರಿತು ಅಂದ್ಕೋತೀನಿ."

ಇದಾಗಿ ಎರಡು ವರ್ಷ. ವೈಸ್ ಈಗ ಹಾಲ್‌ನ ನಡುವೆ ತನ್ನ ಕಾಲೂರಿ ನಿಂತಿದೆ. ಬಂದವರು ಯಾರು ಬೇಕಾದರೂ ತಿರುಗಿಸಬಹುದು. ಬಂದವರೆಲ್ಲ ತಪ್ಪು ಕಡೆಗೇ ತಿರುಗಿಸುತ್ತಾರೆ. ಮೇಲ್ವಿಚಾರಕ ಪಕ್ಕದಲ್ಲಿ ನಿಂತು ಅದನ್ನು ಸಂತೋಷದಿಂದ ನೋಡುತ್ತಾನೆ. ಕಮ್ಮಾರ ಎಡಗೈಯವನಿದ್ದನೇ? ಯಾರಾದರೂ ಎಡಗೈಯ ಗಿರಾಕಿ ಹಾಗೆ ಮಾಡಿಸಿಕೊಂಡನೇ? ಬೇರೆ ಯಾವುದೋ ಯಂತ್ರದ ತಿರುಪನ್ನು ತಂದು ಇದಕ್ಕೆ ಹಾಕಿದರೇ? ನಾನೂ ಗುರುವಾರಗಳಂದು ಹೋಗಿ ಕೆಲವು ಊಹೆಗಳನ್ನು ಮುಂದಿಟ್ಟಿದ್ದೇನೆ. ಅಳಿಯ ಅವನ್ನು ಗೌರವದಿಂದ ಕೇಳಿ, ಒಂದೊಂದಾಗಿ ತಳ್ಳಿಹಾಕಿದ್ದಾನೆ.

ಕಳೆದ ತಿಂಗಳು ಅವನಿಗೇ ಒಂದು ಉತ್ತರ ಹೊಳೆಯಿತು. ಪ್ರಾಂಶುಪಾಲರ ಕೋಣೆಗೆ ಓಡಿಹೋಗಿ ಹೇಳಿದ. ನಾನು ಬಾಗಿಲಲ್ಲಿದ್ದೆ. ಉತ್ತರ ಅಚ್ಚುಕಟ್ಟಾಗಿತ್ತು, ನನಗೂ ಒಪ್ಪಿಗೆಯಾಯಿತು. ಅವರು ಹೊಸ ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟು ಪೂರ್ತಿ ಕೇಳಿದರು. ಒಂದು ಕ್ಷಣ ಇಬ್ಬರ ಮುಖವೂ ಸಪ್ಪಗಾಯಿತು, ರಜೆಯ ಕೊನೆಯ ದಿನ ಸಂಜೆಯಾದಂತೆ.

"ಸಾಕ್ಷಿ ಏನಿದೆ?" ಎಂದರು ಅವರು.

ಅಳಿಯ ಯೋಚಿಸಿದ. "ಸಾಕ್ಷಿ ಏನೂ ಇಲ್ಲ ಮೇಡಂ."

"ಹಾಗಾದ್ರೆ ಬಾಕಿ ಇದೆ," ಎಂದು ಅವರು ಕನ್ನಡಕ ಹಾಕಿಕೊಂಡರು. ಅವನು ಶಿಳ್ಳೆ ಹಾಕುತ್ತ ಹಾಲ್‌ಗೆ ಹಿಂತಿರುಗಿದ.